ಪಣ ಕಟ್ಟುವ ಮುನ್ನ ಹಾಕಬೇಕಾದ ಲೆಕ್ಕ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಬಗ್ಗೆ ಈ ಸಲದ ಪ್ರಶ್ನೋತ್ತರ. ಬಂದ ಪತ್ರಗಳಲ್ಲಿ ಬಹುಪಾಲು ಕೇಳುವುದು ‘ಯಾವ ಆಟ ಆಡಿದರೆ ಗೆಲ್ಲಬಹುದು’ ಅಂತ. ಅದಕ್ಕೆ ಉತ್ತರ ಒಂದೇ ಸಾಲು: ಲೆಕ್ಕ ಆಡಿಸುವವರ ಕಡೆಗಿದೆ, ಹೆಚ್ಚು ಹೆಚ್ಚು ಆಡಿದಂತೆ ಅದು ಇನ್ನಷ್ಟು ಖಚಿತ. ಕೇಳಬೇಕಾದ್ದು ‘ಈ ಆಟ ಗಂಟೆಗೆ ಎಷ್ಟಕ್ಕೆ ಬೀಳುತ್ತದೆ’ ಎಂದು. ಸಿನಿಮಾ ಟಿಕೆಟ್ಟಿನ ಮೇಲೆ ಬೆಲೆ ಅಚ್ಚಾಗಿರುತ್ತದೆ. ಜೂಜಿನ ಬೆಲೆಯನ್ನು ನಾವೇ ಗುಣಿಸಿ ತೆಗೆಯಬೇಕು. ಕೆಳಗಿನ ಉದಾಹರಣೆಗಳಲ್ಲಿ ಬರುವ 1, 100, 1,000 ಎಲ್ಲ ಬರೀ ಸಂಖ್ಯೆಗಳು. ಯಾವ ದೇಶದ ಹಣವನ್ನಾದರೂ ಅಲ್ಲಿಟ್ಟು ಓದಿಕೊಳ್ಳಿ.

ಪ್ರಶ್ನೆ: ‘ನಾವು ಸಂಪೂರ್ಣ ಕಾನೂನುಬದ್ಧ’ ಎಂದು ತಾಣಗಳೇ ಬರೆದುಕೊಂಡಿರುತ್ತವೆ. ಲೈಸೆನ್ಸ್ ನಂಬರೂ ಇರುತ್ತದೆ. ಅಷ್ಟು ಸಾಕಲ್ಲವೆ?

ಉತ್ತರ: ಸಾಲದು. ತಾಣ ಎಲ್ಲಿಂದ ಲೈಸೆನ್ಸ್ ತಂದಿದೆ ಅನ್ನುವುದು ಒಂದು ಮಾತು, ನೀವು ಕೂತಿರುವ ಜಾಗದಲ್ಲಿ ಆ ಲೈಸೆನ್ಸ್ ಸಲ್ಲುತ್ತದೆಯೇ ಅನ್ನುವುದು ಬೇರೆಯೇ ಮಾತು. ಕಾನೂನು ನೋಡುವುದು ಆಡುವವರು ಆ ಹೊತ್ತಿಗೆ ಎಲ್ಲಿದ್ದಾರೆ ಎಂಬುದನ್ನು.

ದೇಶದಿಂದ ದೇಶಕ್ಕೆ ಎಷ್ಟು ವ್ಯತ್ಯಾಸ ನೋಡಿ. ಬ್ರಿಟನ್ನಿನಲ್ಲಿ 2005ರ ಜೂಜು ಕಾಯ್ದೆ ಇದೆ, ಗ್ಯಾಂಬ್ಲಿಂಗ್ ಕಮಿಷನ್ ಇದೆ. ಕಂಪನಿ ಯಾವ ದ್ವೀಪದಲ್ಲಿ ನೋಂದಣಿ ಆಗಿದ್ದರೂ ಅಲ್ಲಿನ ಗ್ರಾಹಕರನ್ನು ಆಡಿಸಬೇಕಾದರೆ ಈ ಕಮಿಷನ್ನಿನ ಲೈಸೆನ್ಸ್ ಬೇಕೇ ಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ: ಕ್ರೀಡಾ ಬೆಟ್ಟಿಂಗ್ ಬಗ್ಗೆ ರಾಜ್ಯಗಳೇ ತೀರ್ಮಾನಿಸಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹಲವು ರಾಜ್ಯಗಳು ಬಾಗಿಲು ತೆರೆದವು, ಆದರೆ ಆನ್‌ಲೈನ್ ಕ್ಯಾಸಿನೊ ಇರುವುದು ಬೆರಳೆಣಿಕೆಯ ರಾಜ್ಯಗಳಲ್ಲಿ. ಆಸ್ಟ್ರೇಲಿಯದ 2001ರ ಕಾಯ್ದೆಯದು ಇನ್ನೊಂದು ರೀತಿ. ಲೈಸೆನ್ಸ್ ಇದ್ದ ಕಂಪನಿಯಲ್ಲಿ ಕ್ರಿಕೆಟ್ ಮೇಲೆ, ಕುದುರೆ ಮೇಲೆ ಬಾಜಿ ಕಟ್ಟಬಹುದು, ಆನ್‌ಲೈನ್ ಕ್ಯಾಸಿನೊ ಮಾತ್ರ ಕೂಡದು. ಇನ್ನು ಭಾರತದಲ್ಲಿ 2025ರಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಅದೃಷ್ಟದ್ದಾಗಲಿ ಕೌಶಲದ್ದಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ನಿಷೇಧಿಸುತ್ತದೆ. ಆಡಿಸುವುದು, ಜಾಹೀರಾತು ಮಾಡುವುದು, ಹಣ ಸಾಗಿಸಿಕೊಡುವುದು ಮೂರೂ ಅಪರಾಧ. ಹಾಗಾಗಿ ಅಲ್ಲಿ ಕೂತವರಿಗೆ ‘ಕಾನೂನುಬದ್ಧ ರಿಯಲ್ ಮನಿ ಆಪ್’ ಎಂಬುದೇ ಇಲ್ಲ. ವಿದೇಶಿ ಲೈಸೆನ್ಸ್ ತೋರಿಸಿದರೂ ಇಲ್ಲ. ಭಾರತದೊಳಗಿರುವವರಿಗೆ ಈ ಅಂಕಣದ ಮುಂದಿನ ಭಾಗ ಲೆಕ್ಕ ತಿಳಿಯಲಿಕ್ಕೆ, ಹಣ ಕಟ್ಟಲಿಕ್ಕಲ್ಲ.

ವಿಪಿಎನ್ ಹಾಕಿ ಬೇರೆ ದೇಶದವರಂತೆ ಆಡಬಹುದಲ್ಲ ಎಂದು ಕೆಲವರು ಕೇಳಿದ್ದಾರೆ. ಡಿಪಾಸಿಟ್ ಆಗುತ್ತದೆ, ಆಟವೂ ನಡೆಯುತ್ತದೆ. ಸೋತರೆ ಯಾರೂ ಏನೂ ಕೇಳುವುದಿಲ್ಲ. ಗೆದ್ದು ವಿತ್‌ಡ್ರಾ ಒತ್ತಿದಾಗ ವಿಳಾಸದ ದಾಖಲೆ ಕೇಳುತ್ತಾರೆ, ಆಗ ಸಿಕ್ಕಿಬೀಳುತ್ತೀರಿ. ನಿಷೇಧಿತ ಜಾಗದಿಂದ ಆಡಿದ್ದಕ್ಕೆ ಗೆಲುವು ರದ್ದು ಮಾಡುವ ಷರತ್ತಿಗೆ ಖಾತೆ ತೆರೆಯುವಾಗಲೇ ಟಿಕ್ ಹಾಕಿರುತ್ತೀರಿ.

ಪ್ರಶ್ನೆ: ನಾನಿರುವ ದೇಶದಲ್ಲಿ ಅನುಮತಿ ಇದೆ. ಅಸಲಿ ತಾಣ, ನಕಲಿ ತಾಣ ಗುರುತಿಸುವುದು ಹೇಗೆ?

ಉತ್ತರ: ತಾಣದ ಅಡಿಭಾಗಕ್ಕೆ ಹೋಗಿ. ಲೈಸೆನ್ಸ್ ಪಡೆದ ಕಂಪನಿಯ ಪೂರ್ತಿ ಹೆಸರು, ಲೈಸೆನ್ಸ್ ಸಂಖ್ಯೆ, ಕೊಟ್ಟ ಸಂಸ್ಥೆ ಮೂರೂ ಇರಬೇಕು. ಅಲ್ಲಿರುವ ಮುದ್ರೆಯನ್ನು ಒತ್ತಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಮುದ್ರೆಯ ಚಿತ್ರವನ್ನೂ ಅದು ತೆರೆಯುವ ಪುಟವನ್ನೂ ನಕಲು ಮಾಡುವುದು ಹತ್ತು ನಿಮಿಷದ ಕೆಲಸ. ನಿಯಂತ್ರಕ ಸಂಸ್ಥೆಯ ತಾಣವನ್ನು ಬೇರೆ ಟ್ಯಾಬಿನಲ್ಲಿ ನೀವೇ ವಿಳಾಸ ಟೈಪ್ ಮಾಡಿ ತೆರೆಯಿರಿ. ಬ್ರಿಟನ್ನಿನ ಕಮಿಷನ್, ಮಾಲ್ಟಾ ಗೇಮಿಂಗ್ ಅಥಾರಿಟಿಯಂಥವರ ನೋಂದಣಿ ಪಟ್ಟಿ ಸಾರ್ವಜನಿಕ. ಅದರಲ್ಲಿ ಕಂಪನಿಯ ಹೆಸರು ಹುಡುಕಿ, ಪರವಾನಗಿ ಚಾಲ್ತಿಯಲ್ಲಿದೆಯೇ ಅಮಾನತಾಗಿದೆಯೇ ನೋಡಿ, ಆಮೇಲೆ ಮುಖ್ಯವಾದ್ದು: ಆ ಪರವಾನಗಿಯ ಕೆಳಗೆ ಪಟ್ಟಿ ಮಾಡಿರುವ ಡೊಮೇನ್‌ಗಳಲ್ಲಿ ನಿಮ್ಮ ಬ್ರೌಸರಿನಲ್ಲಿರುವ ವಿಳಾಸ ಅಕ್ಷರಕ್ಕಕ್ಷರ ಇದೆಯೇ ನೋಡಿ. ಹೆಸರಾಂತ ಕಂಪನಿಯ ಹೆಸರು, ಸರಿಯಾದ ಲೈಸೆನ್ಸ್ ಸಂಖ್ಯೆ, ಆದರೆ ಡೊಮೇನಿನಲ್ಲಿ ಒಂದು ಅಕ್ಷರ ಹೆಚ್ಚು: ನಕಲಿಗಳು ಹೆಚ್ಚಾಗಿ ಬರುವುದು ಈ ವೇಷದಲ್ಲಿ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ಲೈಸೆನ್ಸೂ ಒಂದೇ ತೂಕದ್ದಲ್ಲ. ತಕರಾರು ಬಂದಾಗ ಕಂಪನಿಗೆ ಹೊರತಾದ ಮಧ್ಯಸ್ಥರ ಬಳಿ ಹೋಗಲು ಅವಕಾಶವಿದೆಯೇ, ಗ್ರಾಹಕರ ಹಣವನ್ನು ಕಂಪನಿಯ ಹಣದಿಂದ ಬೇರೆ ಇಡಬೇಕೆಂಬ ನಿಯಮವಿದೆಯೇ ಓದಿ. ಬ್ರಿಟನ್ನಿನ ತಾಣಗಳು ಕಂಪನಿ ದಿವಾಳಿಯಾದರೆ ನಿಮ್ಮ ಬಾಕಿಗೆ ಎಷ್ಟು ರಕ್ಷಣೆ ಎಂಬುದನ್ನು ಮೂರು ದರ್ಜೆಗಳಲ್ಲಿ ಹೇಳಲೇಬೇಕು. ಎಲ್ಲಕ್ಕಿಂತ ಕೆಳಗಿನ ದರ್ಜೆಯೆಂದರೆ ಯಾವ ರಕ್ಷಣೆಯೂ ಇಲ್ಲ ಎಂದೇ ಅರ್ಥ. ಅದನ್ನು ಓದಿದವರು ತಾಣದ ಖಾತೆಯಲ್ಲಿ ಹಣ ಕೂಡಿಡುವುದಿಲ್ಲ.

ಇನ್ನೊಂದು ಮಾತು. ವಾಟ್ಸ್ಆಪ್‌ನಲ್ಲಿ ‘ಐಡಿ’ ಕೊಟ್ಟು, ಯಾರದೋ ವೈಯಕ್ತಿಕ ಬ್ಯಾಂಕ್ ಖಾತೆಗೆ ಹಣ ಹಾಕಿಸಿಕೊಳ್ಳುವ ಏಜೆಂಟರಿಗೆ ಈ ಪರೀಕ್ಷೆ ಯಾವುದೂ ಬೇಕಿಲ್ಲ. ಅದು ತಾಣವೇ ಅಲ್ಲ.

ಪ್ರಶ್ನೆ: ಗೆದ್ದ ಹಣ ತೆಗೆಯಲು ಹೋದರೆ ‘ವೆರಿಫಿಕೇಶನ್ ಬಾಕಿ’ ಎಂದು ವಾರಗಟ್ಟಲೆ ಸತಾಯಿಸುತ್ತಾರಂತೆ. ನಿಜವೆ?

ಉತ್ತರ: ನಿಜ. ಆದರೆ ಅರ್ಧ ತೊಂದರೆ ಆಡುವವರೇ ಮಾಡಿಕೊಂಡದ್ದಾಗಿರುತ್ತದೆ. ಕೆವೈಸಿಯನ್ನು ಮೊದಲ ಡಿಪಾಸಿಟ್‌ಗೂ ಮುಂಚೆ ಮುಗಿಸಿ. ಬೇಕಾಗುವುದು ಸಾಮಾನ್ಯವಾಗಿ ಫೋಟೊ ಇರುವ ಗುರುತಿನ ಚೀಟಿ, ಮೂರು ತಿಂಗಳೊಳಗಿನ ವಿಳಾಸದ ದಾಖಲೆ, ಹಣ ಕಟ್ಟುವ ಕಾರ್ಡ್ ಅಥವಾ ಖಾತೆ ನಿಮ್ಮದೇ ಎಂಬುದಕ್ಕೆ ಪುರಾವೆ. ಫೋಟೊದಲ್ಲಿ ದಾಖಲೆಯ ನಾಲ್ಕೂ ಮೂಲೆ ಕಾಣಬೇಕು, ಫ್ಲ್ಯಾಷ್ ಬೆಳಕು ಅಕ್ಷರದ ಮೇಲೆ ಬಿದ್ದಿರಬಾರದು. ಕಾರ್ಡಿನ ಫೋಟೊ ಕಳಿಸುವಾಗ ಮೊದಲ 6 ಮತ್ತು ಕೊನೆಯ 4 ಅಂಕಿ ಬಿಟ್ಟು ನಡುವಿನವನ್ನು ಮುಚ್ಚಿ. ಹಿಂಬದಿಯ 3 ಅಂಕಿಯ ಸಂಖ್ಯೆಯನ್ನಂತೂ ಯಾರು ಕೇಳಿದರೂ ಕೊಡಬೇಡಿ.

ತಿರಸ್ಕಾರಕ್ಕೆ ಕಾರಣಗಳು ಬಹಳ ಸಣ್ಣವು. ಖಾತೆಯಲ್ಲಿ ಇನಿಷಿಯಲ್ ಮಾತ್ರ, ಗುರುತಿನ ಚೀಟಿಯಲ್ಲಿ ತಂದೆಯ ಹೆಸರು ಪೂರ್ತಿ. ಹೆಂಡತಿಯ ಕಾರ್ಡಿನಿಂದ ಒಮ್ಮೆ ಹಾಕಿದ ಡಿಪಾಸಿಟ್. ಒಂದೇ ಮನೆಯ ವೈಫೈನಿಂದ ಬೋನಸ್‌ಗಾಗಿ ತೆರೆದ ಎರಡನೇ ಖಾತೆ. ಮೊದಲನೆಯದು ಪತ್ರವ್ಯವಹಾರದಲ್ಲಿ ಸರಿಹೋಗಬಹುದು. ಮೂರನೆಯದಕ್ಕೆ ಹೆಚ್ಚಿನ ಕಡೆ ಖಾತೆಯೇ ಹೋಗುತ್ತದೆ.

ಹಣ ಯಾವ ದಾರಿಯಲ್ಲಿ ಬಂತೋ ಅದೇ ದಾರಿಯಲ್ಲಿ ಹಿಂದಿರುಗಬೇಕೆಂಬುದು ಅಕ್ರಮ ಹಣ ತಡೆಯುವ ನಿಯಮ. ಆದ್ದರಿಂದ ಹಣ ವಾಪಸ್ ಪಡೆಯಲು ಬಾರದ ಪ್ರಿಪೇಯ್ಡ್ ವೋಚರಿನಿಂದ ಡಿಪಾಸಿಟ್ ಮಾಡಿದರೆ ಆಮೇಲೆ ಪರದಾಟ. ಹಾಕಿದ ಮೊತ್ತದಷ್ಟಾದರೂ ಒಮ್ಮೆ ಆಡದೆ ತೆಗೆಯಲು ಬಿಡದ ತಾಣಗಳೂ ಇವೆ, ಮೊದಲೇ ಓದಿಕೊಳ್ಳಿ. ಹೊಸ ತಾಣವಾದರೆ ಕನಿಷ್ಠ ಮೊತ್ತ ಹಾಕಿ, ಒಂದಿಷ್ಟು ಆಡಿ, ಉಳಿದದ್ದನ್ನು ವಿತ್‌ಡ್ರಾ ಮಾಡಿ, ಬ್ಯಾಂಕಿಗೆ ಬಂದ ಮೇಲೆ ಮುಂದಿನ ಯೋಚನೆ. ವಿತ್‌ಡ್ರಾ ಒತ್ತಿದ ಮೇಲೆ ‘ರದ್ದು ಮಾಡಿ ಮತ್ತೆ ಆಡಿ’ ಎಂಬ ಬಟನ್ ಮಿನುಗುತ್ತಿದ್ದರೆ ಅದೊಂದು ಬಲೆ. ಒಂದು ದಿನ ಕಾಯಿಸುವುದರ ಉದ್ದೇಶವೇ ಆ ಬಟನ್ ಕೆಲಸ ಮಾಡಲಿ ಎಂದು.

ಒಂದು ಗೆರೆ ಮಾತ್ರ ಸ್ಪಷ್ಟವಾಗಿ ನೆನಪಿಡಿ: ಗೆದ್ದ ಹಣ ಬಿಡುಗಡೆ ಮಾಡಲು ‘ಮೊದಲು ತೆರಿಗೆ ಕಟ್ಟಿ’, ‘ಶುಲ್ಕ ಹಾಕಿ’ ಎಂದು ಹೊಸದಾಗಿ ಹಣ ಕೇಳಿದರೆ ಅದು ಮೋಸ. ಕಾನೂನು ಪ್ರಕಾರ ಕಡಿತ ಇದ್ದರೆ ಅಸಲಿ ಕಂಪನಿ ಗೆಲುವಿನಲ್ಲೇ ಮುರಿದುಕೊಳ್ಳುತ್ತದೆ.

ಪ್ರಶ್ನೆ: ಯಾವ ಆಟದಲ್ಲಿ ನಷ್ಟ ಕಡಿಮೆ?

ಉತ್ತರ: ಪ್ರತಿ ಆಟದಲ್ಲೂ ಆಡಿಸುವವರಿಗೆ ಒಂದು ಪಾಲು ಇರುತ್ತದೆ, ಅದಕ್ಕೆ ಹೌಸ್ ಎಡ್ಜ್ ಎನ್ನುತ್ತಾರೆ. ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆ ಎಂದು ಕಟ್ಟುವ ರೂಲೆಟ್ ತೆಗೆದುಕೊಳ್ಳಿ. ಯೂರೋಪಿಯನ್ ಚಕ್ರದಲ್ಲಿ 0 ಸೇರಿ 37 ಮನೆ. ಒಂದು ಅಂಕಿಗೆ ಕಟ್ಟಿ ಗೆದ್ದರೆ ಕೊಡುವುದು 35 ಪಟ್ಟು. ನ್ಯಾಯವಾದ ಬೆಲೆ 36 ಪಟ್ಟು. ಆ ವ್ಯತ್ಯಾಸ 37ರಲ್ಲಿ 1, ಅಂದರೆ 2.7%. ಅಮೆರಿಕನ್ ಚಕ್ರದಲ್ಲಿ 00 ಎಂಬ ಇನ್ನೊಂದು ಮನೆ ಸೇರಿ 38 ಆಗುತ್ತದೆ, ಪಾಲು 5.26%ಕ್ಕೆ ಏರುತ್ತದೆ. ಬಣ್ಣ ಅದೇ, ಸದ್ದು ಅದೇ, ಬೆಲೆ ಹತ್ತಿರಹತ್ತಿರ ದುಪ್ಪಟ್ಟು. ಎರಡೂ ಒಂದೇ ಪುಟದಲ್ಲಿ ಪಕ್ಕಪಕ್ಕ ಇರುತ್ತವೆ, ಆದ್ದರಿಂದ ಕೂರುವ ಮೊದಲು ಹಸಿರು ಮನೆ (0, 00) ಎಷ್ಟಿವೆ ಎಣಿಸಿ.

ಬ್ಯಾಕರಾ ಎಂಬ ಇಸ್ಪೀಟಾಟದಲ್ಲಿ ಬ್ಯಾಂಕರ್ ಕಡೆ 1.06%, ಪ್ಲೇಯರ್ ಕಡೆ 1.24%. ಅದೇ ಮೇಜಿನ ಮೇಲೆ ಟೈ ಎಂಬ ಚೌಕ ಇದೆ, 8 ಪಟ್ಟು ಕೊಡುತ್ತೇವೆ ಎಂದು ಕರೆಯುತ್ತದೆ. ಅದರ ಪಾಲು 14%ಕ್ಕೂ ಮೇಲೆ. ಆಕರ್ಷಕವಾಗಿ ಕಾಣುವ ಅಡ್ಡ ಬಾಜಿಗಳೆಲ್ಲ ಹೀಗೇ.

ಬ್ಲ್ಯಾಕ್‌ಜಾಕ್‌ನಲ್ಲಿ ಆಡುವವರ ನಿರ್ಧಾರಕ್ಕೆ ಬೆಲೆ ಇದೆ: 21 ದಾಟದೆ, ಡೀಲರ್‌ಗಿಂತ ಹೆಚ್ಚು ಮೊತ್ತದ ಎಲೆ ಕೂಡಿಸುವ ಆಟ ಇದು. ಬೇಸಿಕ್ ಸ್ಟ್ರಾಟೆಜಿ ಎಂಬ ಕೋಷ್ಟಕ ನೋಡಿಕೊಂಡು ಆಡಿದರೆ ಪಾಲು ಸುಮಾರು 0.5%ಕ್ಕೆ ಇಳಿಯುತ್ತದೆ, ಮನಸ್ಸಿಗೆ ತೋಚಿದಂತೆ ಆಡಿದರೆ ಸುಮಾರು 2%. ಆನ್‌ಲೈನಿನಲ್ಲಿ ಕೋಷ್ಟಕವನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಒಂದೆರಡು ಕೈ ನೋಡಿ: ನಿಮ್ಮ ಬಳಿ 12, ಡೀಲರ್ ತೋರಿಸುತ್ತಿರುವುದು 5. ಹೊಸಬರು ಇನ್ನೊಂದು ಎಲೆ ಕೇಳುತ್ತಾರೆ. ಕೋಷ್ಟಕ ಸುಮ್ಮನಿರಿ ಎನ್ನುತ್ತದೆ, ಏಕೆಂದರೆ 5 ಇಟ್ಟುಕೊಂಡ ಡೀಲರ್ 21 ದಾಟಿ ಸಾಯುವ ಸಾಧ್ಯತೆ ದೊಡ್ಡದು. ನಿಮ್ಮ ಬಳಿ 8 ಎರಡು ಬಂದರೆ ಒಡೆದು ಎರಡು ಕೈ ಮಾಡಬೇಕು. 16 ಎಂಬುದು ಆಟದ ಅತಿ ಕೆಟ್ಟ ಮೊತ್ತ. ಡೀಲರ್ ಬಳಿ ಎಕ್ಕ ಕಂಡಾಗ ‘ಇನ್ಶೂರೆನ್ಸ್ ಬೇಕೆ’ ಎಂದು ಪರದೆ ಕೇಳುತ್ತದೆ. ಬೇಡ. ಹೆಸರು ಮಾತ್ರ ವಿಮೆ, ಕೆಲಸ ಸುಮಾರು 7% ಪಾಲಿನ ಬೇರೊಂದು ಬಾಜಿಯದು.

ಮೇಜಿನ ಮೇಲೆ ಬರೆದಿರುವ ‘3:2’ ಅಥವಾ ‘6:5’ ಎಂಬುದನ್ನು ಕಣ್ಣಿಟ್ಟು ಓದಿ. 10 ಕಟ್ಟಿ ಮೊದಲೆರಡು ಎಲೆಗೇ 21 ಬಂದರೆ ಮೊದಲನೆಯದರಲ್ಲಿ 15, ಎರಡನೆಯದರಲ್ಲಿ 12 ಸಿಗುತ್ತದೆ. ಆ ಕೈ ಬರುವುದು ಸುಮಾರು 21 ಆಟಕ್ಕೊಮ್ಮೆ. ಇಷ್ಟರಿಂದಲೇ ಪಾಲು 1.4%ದಷ್ಟು ಹೆಚ್ಚಿ, ಕೋಷ್ಟಕ ನೋಡಿ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಶೇಕಡಾ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಬೆಲೆ ಎಂದರೆ ಪಾಲು ಗುಣಿಸು ಬಾಜಿ ಗುಣಿಸು ಗಂಟೆಗೆ ಎಷ್ಟು ಸಲ. ನಿಜವಾದ ಡೀಲರ್ ಚಕ್ರ ತಿರುಗಿಸುವ ಲೈವ್ ರೂಲೆಟ್ ಗಂಟೆಗೆ 40 ಸುತ್ತು ನಡೆಯಿತು ಅನ್ನಿ. ಸುತ್ತಿಗೆ 1ರಂತೆ ಕಟ್ಟಿದರೆ ಸರಾಸರಿ ನಷ್ಟ ಗಂಟೆಗೆ 1.08. ಬಟನ್ ಒತ್ತಿ ಚಿತ್ರ ತಿರುಗಿಸುವ ಸ್ಲಾಟ್ ಯಂತ್ರವನ್ನು ನಿಮಿಷಕ್ಕೆ 10 ಸಲ ಒತ್ತಿದರೆ ಗಂಟೆಗೆ 600. ಪಾಲು 4% ಆದರೆ ನಷ್ಟ 24. ಪಾಲಿನ ವ್ಯತ್ಯಾಸ ಒಂದೂವರೆ ಪಟ್ಟು, ಬೆಲೆಯ ವ್ಯತ್ಯಾಸ 22 ಪಟ್ಟು. ಬ್ರಿಟನ್ನಿನಲ್ಲಿ 2021ರಿಂದ ಸ್ಲಾಟಿನ ಒಂದು ಸುತ್ತಿಗೆ ಕನಿಷ್ಠ 2.5 ಸೆಕೆಂಡ್ ಇರಬೇಕೆಂದು ನಿಯಮ ಮಾಡಿ, ತನ್ನಷ್ಟಕ್ಕೇ ತಿರುಗುವ ಆಟೊಪ್ಲೇ ತೆಗೆದುಹಾಕಿದ್ದು ಇದೇ ಕಾರಣಕ್ಕೆ. ನಿಮ್ಮ ತಾಣದಲ್ಲಿ ಆಟೊಪ್ಲೇ, ಟರ್ಬೊ ಇದ್ದರೆ ಮುಟ್ಟಬೇಡಿ.

ಪ್ರಶ್ನೆ: ಸ್ಲಾಟಿನ ಆರ್‌ಟಿಪಿ (ಆಡುವವರಿಗೆ ವಾಪಸ್ ಬರುವ ಪಾಲು) 96% ಎಂದಿದೆ. 100 ಹಾಕಿದರೆ 96 ಆದರೂ ಬರಬೇಕಲ್ಲ? ನನಗೆ ಬಂದದ್ದು ಸೊನ್ನೆ.

ಉತ್ತರ: 96 ವಾಪಸ್ ಬರುವುದು ನೀವು ಹಾಕಿದ ಡಿಪಾಸಿಟ್ ಮೇಲಲ್ಲ, ತಿರುಗಿಸಿದ ಒಟ್ಟು ಮೊತ್ತದ ಮೇಲೆ. ಬಂದ ಗೆಲುವನ್ನೇ ಮತ್ತೆ ಮತ್ತೆ ಕಟ್ಟುತ್ತ ಹೋದರೆ 100ರ ಡಿಪಾಸಿಟ್ 1,500, 2,000 ಸುತ್ತಿಬರುತ್ತದೆ. 4% ಹೋಗುವುದು ಅಷ್ಟರ ಮೇಲೂ. ಜೊತೆಗೆ ಆ 96ರೊಳಗೆ ಅಪರೂಪದ ದೊಡ್ಡ ಗೆಲುವಿನ ಪಾಲೂ ಸೇರಿದೆ. ಆ ಗೆಲುವು ಕಾಣದವರ ಅನುಭವ 96ಕ್ಕಿಂತ ಕೆಳಗೇ ಇರುತ್ತದೆ. ಕಾಣದವರೇ ಹೆಚ್ಚು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಒಂದೇ ಹೆಸರಿನ, ಒಂದೇ ಚಿತ್ರದ ಸ್ಲಾಟನ್ನು ತಯಾರಕರು 96, 94, 92 ಹೀಗೆ ಬೇರೆ ಬೇರೆ ಆರ್‌ಟಿಪಿಯಲ್ಲಿ ತಾಣಗಳಿಗೆ ಕೊಡುತ್ತಾರೆ. ನೀವು ಎಲ್ಲೋ ಓದಿದ ಸಂಖ್ಯೆ ನೀವಾಡುವ ತಾಣದ್ದಲ್ಲದಿರಬಹುದು. ಆಟ ತೆರೆದು, ಮಾಹಿತಿ ಬಟನ್ ಒತ್ತಿ, ಕೊನೆಯ ಪುಟದವರೆಗೆ ಹೋಗಿ ಅಲ್ಲಿರುವ ಸಂಖ್ಯೆಯನ್ನೇ ನಂಬಿ.

ಪ್ರಶ್ನೆ: ಸೋತಾಗಲೆಲ್ಲ ದುಪ್ಪಟ್ಟು ಕಟ್ಟುತ್ತ ಹೋದರೆ ಒಮ್ಮೆಯಾದರೂ ಗೆದ್ದು ಎಲ್ಲ ವಾಪಸ್ ಬರುತ್ತದೆ. ಇದರಲ್ಲಿ ತಪ್ಪೇನು?

ಉತ್ತರ: ಇದನ್ನು ಮಾರ್ಟಿಂಗೇಲ್ ಎನ್ನುತ್ತಾರೆ. ರೂಲೆಟ್‌ನಲ್ಲಿ ಕೆಂಪಿಗೆ 1 ಕಟ್ಟಿ ಸೋತು, 2, 4, 8, 16, 32, 64, 128, 256. ಇಷ್ಟರಲ್ಲಿ ಒಂಬತ್ತು ಸೋಲು, ಕೈಬಿಟ್ಟದ್ದು 511. ಮುಂದೆ ಕಟ್ಟಬೇಕಾದ್ದು 512. ಮೇಜಿನ ಗರಿಷ್ಠ ಮಿತಿ 500 ಇದ್ದರೆ ಅಲ್ಲಿಗೆ ದಾರಿ ಮುಗಿಯಿತು. ಒಂಬತ್ತು ಸಲ ಸತತ ಸೋಲು ಅಪರೂಪ ಎನಿಸಬಹುದು. 37 ಮನೆಯ ಚಕ್ರದಲ್ಲಿ ಅದು ಸುಮಾರು 400 ಸರಣಿಗೊಮ್ಮೆ ಬರುತ್ತದೆ. ಪ್ರತಿ ಯಶಸ್ವಿ ಸರಣಿಯ ಗಳಿಕೆ ಬರೀ 1. ನಾನೂರು ಸಲ ಒಂದೊಂದು ಕೂಡಿಸಿ, ಒಂದೇ ಏಟಿಗೆ 511 ಕಳೆದುಕೊಳ್ಳುವ ವ್ಯವಹಾರ ಇದು. ಹಿಂದೆ ಎಂಟು ಸಲ ಕಪ್ಪು ಬಂತೆಂದು ಒಂಬತ್ತನೆಯ ಸಲ ಕೆಂಪಿನ ಸಾಧ್ಯತೆ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಚೆಂಡಿಗೆ ನೆನಪಿಲ್ಲ.

ಅಲ್ಪಾವಧಿಯಲ್ಲಿ ಗೆಲ್ಲುವವರು ಇದ್ದೇ ಇದ್ದಾರೆ, ಅದೇ ತೊಂದರೆ. ಅದೇ ಚಕ್ರದಲ್ಲಿ ಕೆಂಪಿಗೆ ಸಮ ಬಾಜಿ ಕಟ್ಟುತ್ತ 100 ಸುತ್ತು ಆಡಿದವರಲ್ಲಿ ನೂರಕ್ಕೆ ಸುಮಾರು 36 ಮಂದಿ ಲಾಭದಲ್ಲಿ ಏಳುತ್ತಾರೆ. 1,000 ಸುತ್ತಿಗೆ ಅವರು ಸುಮಾರು 19 ಮಂದಿ. 10,000 ಸುತ್ತಿಗೆ ಸಾವಿರಕ್ಕೆ ಮೂರು ಮಂದಿ. ನಿಮ್ಮ ಗೆಳೆಯರು ಗೆದ್ದೆವು ಎನ್ನುವುದು ಸುಳ್ಳಲ್ಲ. ಅವರಿನ್ನೂ ನೂರನೆಯ ಸುತ್ತಿನಲ್ಲಿದ್ದಾರೆ, ಅಷ್ಟೆ.

ಪ್ರಶ್ನೆ: 100 ಹಾಕಿದರೆ 100 ಬೋನಸ್ ಉಚಿತ ಎನ್ನುತ್ತಾರೆ. ಬಿಡುವುದು ಮೂರ್ಖತನವಲ್ಲವೆ?

ಉತ್ತರ: ಷರತ್ತಿನಲ್ಲಿ ‘ವೇಜರಿಂಗ್ 35x’ ಎಂದಿರುತ್ತದೆ. ಆ ಬೋನಸ್ ತೆಗೆಯುವ ಮೊದಲು ಅದರ 35 ಪಟ್ಟು ಬಾಜಿ ಕಟ್ಟಿರಬೇಕು: 3,500. 4% ಪಾಲಿನ ಸ್ಲಾಟಿನಲ್ಲಿ 3,500 ತಿರುಗಿಸಿದರೆ ಸರಾಸರಿ ನಷ್ಟ 140. ಸಿಕ್ಕ ಉಡುಗೊರೆ 100. ಕೆಲವೆಡೆ 35 ಪಟ್ಟು ಲೆಕ್ಕ ಡಿಪಾಸಿಟ್ ಮತ್ತು ಬೋನಸ್ ಎರಡರ ಮೇಲೂ: 7,000 ತಿರುಗಿಸಬೇಕು, ನಷ್ಟ 280. ನಿಮ್ಮ ಹಣ, ಅವರ ಹಣ ಎರಡೂ ಸೇರಿದರೂ 200 ಮಾತ್ರ ಇತ್ತು. 4% ಪಾಲಿಗೆ ಸರಿಸಮ ಆಗುವುದು ಬೋನಸ್ಸಿನ 25 ಪಟ್ಟಿನಲ್ಲಿ. ಅದಕ್ಕಿಂತ ಮೇಲಿದ್ದರೆ ಬೋನಸ್ ಬೇಡ ಎನ್ನುವ ಟಿಕ್ ಹಾಕಿ. ಆ ಆಯ್ಕೆ ಹೆಚ್ಚಿನ ಕಡೆ ಇರುತ್ತದೆ, ಸಣ್ಣ ಅಕ್ಷರದಲ್ಲಿ.

ಕಡಿಮೆ ಪಾಲಿನ ಬ್ಲ್ಯಾಕ್‌ಜಾಕ್ ಆಡಿ ಮುಗಿಸುತ್ತೇನೆ ಅಂದುಕೊಂಡರೆ ಅದಕ್ಕೂ ಬೇಲಿ ಇದೆ. ಅಲ್ಲಿ ಕಟ್ಟಿದ್ದರಲ್ಲಿ 10% ಮಾತ್ರ ಲೆಕ್ಕಕ್ಕೆ, ಅಂದರೆ 3,500ರ ಬದಲು 35,000 ಕಟ್ಟಬೇಕು, 0.5% ಪಾಲಾದರೂ ನಷ್ಟ 175. ಇನ್ನೂ ಮೂರು ಸಾಲುಗಳನ್ನು ಹುಡುಕಿ ಓದಿ. ಬೋನಸ್ ಚಾಲ್ತಿಯಲ್ಲಿರುವಾಗ ಒಂದು ಸುತ್ತಿಗೆ ಗರಿಷ್ಠ ಬಾಜಿ ಎಷ್ಟು? ಒಮ್ಮೆ ಮೀರಿದರೂ ಗೆಲುವೆಲ್ಲ ರದ್ದು, ಯಂತ್ರ ತಡೆಯುವುದೂ ಇಲ್ಲ. ಬೋನಸ್ಸಿನಿಂದ ಗೆದ್ದದ್ದರಲ್ಲಿ ಗರಿಷ್ಠ ಎಷ್ಟು ತೆಗೆಯಬಹುದು? ಎಷ್ಟು ದಿನದೊಳಗೆ ಮುಗಿಸಬೇಕು?

ಪ್ರಶ್ನೆ: ನನಗೆ ಕ್ಯಾಸಿನೊ ಬೇಡ, ಆಟಗಳ ಬಗ್ಗೆ ತಿಳಿವಳಿಕೆ ಇದೆ. ಕ್ರೀಡಾ ಬೆಟ್ಟಿಂಗಿನಲ್ಲಿ ಆಡ್ಸ್ ಓದುವುದು ಹೇಗೆ?

ಉತ್ತರ: ದಶಮಾಂಶ ಆಡ್ಸ್ ಸುಲಭ. 2.10 ಎಂದರೆ 1 ಕಟ್ಟಿ ಗೆದ್ದರೆ ಕಟ್ಟಿದ್ದೂ ಸೇರಿ 2.10 ಕೈಗೆ. 1ನ್ನು ಆಡ್ಸ್‌ನಿಂದ ಭಾಗಿಸಿದರೆ ಆ ಬೆಲೆಯೊಳಗೆ ಅಡಗಿರುವ ಸಾಧ್ಯತೆ ಸಿಗುತ್ತದೆ. ಒಂದು ಫುಟ್‌ಬಾಲ್ ಪಂದ್ಯಕ್ಕೆ ಗೆಲುವು 2.10, ಡ್ರಾ 3.40, ಸೋಲು 3.60 ಇದೆ ಅನ್ನಿ. ಕ್ರಮವಾಗಿ 47.6, 29.4, 27.8, ಕೂಡಿದರೆ 104.8. ನೂರರ ಮೇಲಿನ 4.8 ಬುಕ್‌ಮೇಕರ್ ತನ್ನ ಪಾಲಿಗೆ ಸೇರಿಸಿದ ಉಪ್ಪು. ಅದೇ ಪಂದ್ಯಕ್ಕೆ ಎರಡು ಮೂರು ಕಡೆ ಈ ಕೂಡುವ ಲೆಕ್ಕ ಮಾಡಿ ನೋಡಿ, ಎಲ್ಲಿ ನೂರಕ್ಕೆ ಹತ್ತಿರವೋ ಅಲ್ಲಿ ಬೆಲೆ ಅಗ್ಗ.

ತಂಡ ಗೆಲ್ಲುತ್ತದೆಯೇ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಆಡ್ಸ್ ಹೇಳುವುದಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಬಲಿಷ್ಠ ತಂಡದ ಮೇಲೆ 1.20ರಲ್ಲಿ ಕಟ್ಟುವವರು ಆರರಲ್ಲಿ ಐದು ಸಲ ಗೆದ್ದರೂ ಕೊನೆಗೆ ಉಳಿಯುವುದು ಸೊನ್ನೆ. ತಿಳಿವಳಿಕೆ ಇದೆ ಎನ್ನುವವರು ನೂರು ಬಾಜಿಯನ್ನು ಮೊದಲು ಹಣವಿಲ್ಲದೆ, ದಿನಾಂಕ, ಆಡ್ಸ್ ಸಮೇತ ಪುಸ್ತಕದಲ್ಲಿ ಬರೆದು ನೋಡಲಿ. ಅಷ್ಟರಿಂದ ನಿಮ್ಮ ಜಾಣ್ಮೆ ಸಾಬೀತಾಗುವುದಿಲ್ಲ, ಅಹಂಕಾರ ಮಾತ್ರ ಇಳಿಯುತ್ತದೆ.

ನಾಲ್ಕೈದು ಪಂದ್ಯಗಳನ್ನು ಪೋಣಿಸುವ ಅಕ್ಯುಮುಲೇಟರ್ ಬಾಜಿಯಲ್ಲಿ ಪಾಲೂ ಪೋಣಿಸಿಕೊಳ್ಳುತ್ತದೆ. ಸಮಬಲದ ಪಂದ್ಯಕ್ಕೆ 1.91 ಕೊಡುವಲ್ಲಿ ಪಾಲು 4.5%. ಅಂಥ ನಾಲ್ಕನ್ನು ಸೇರಿಸಿದರೆ ಕೊಡುವುದು 13.3 ಪಟ್ಟು, ನ್ಯಾಯವಾಗಿ ಕೊಡಬೇಕಾದ್ದು 16; ಪಾಲು ಸುಮಾರು 17%. ಜಾಹೀರಾತಿನಲ್ಲಿ ಇದನ್ನೇ ಯಾಕೆ ಹೆಚ್ಚು ತೋರಿಸುತ್ತಾರೆ ಎಂಬುದು ಇದರಿಂದ ಗೊತ್ತಾಗಬೇಕು. ಪಂದ್ಯದ ನಡುವೆ, ಬಾಜಿಯನ್ನು ಅರ್ಧಕ್ಕೇ ಮುಗಿಸಿ ಹಣ ತೆಗೆಯುವ ‘ಕ್ಯಾಶ್ ಔಟ್’ ಒತ್ತಿದರೂ ಇನ್ನೊಂದು ಸಲ ಪಾಲು ಮುರಿಯುತ್ತದೆ.

ಪ್ರಶ್ನೆ: ಟೆಲಿಗ್ರಾಂನಲ್ಲಿ ‘ಫಿಕ್ಸ್ ಮ್ಯಾಚ್’ ಟಿಪ್ಸ್, ವಿಮಾನ ಬೀಳುವ ಮುಂಚೆ ಹಣ ತೆಗೆಯಬೇಕಾದ ಕ್ರ್ಯಾಶ್ ಆಟದಲ್ಲಿ ಅದು ಎಲ್ಲಿ ಬೀಳುತ್ತದೆ ಎಂದು ಹೇಳುವ ಆಪ್ ಮಾರುತ್ತಾರೆ.

ಉತ್ತರ: ಎರಡೂ ಸುಳ್ಳು. ಟಿಪ್ಸ್‌ನವರು ಅರ್ಧ ಜನಕ್ಕೆ ಒಂದು ತಂಡ, ಉಳಿದರ್ಧಕ್ಕೆ ಇನ್ನೊಂದು ತಂಡ ಕಳಿಸುತ್ತಾರೆ. ಗೆದ್ದ ಅರ್ಧವನ್ನು ಮತ್ತೆ ಎರಡು ಮಾಡುತ್ತಾರೆ. 800 ಜನರಿಂದ ಶುರುಮಾಡಿದರೆ ಮೂರು ಪಂದ್ಯ ಕಳೆಯುವಷ್ಟರಲ್ಲಿ ನೂರು ಮಂದಿ ಅವರನ್ನು ದೇವರೆಂದು ನಂಬಿರುತ್ತಾರೆ. ಆಪ್ ವಿಚಾರಕ್ಕೆ ಬಂದರೆ, ಫಲಿತಾಂಶ ಹುಟ್ಟುವುದು ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಫೋನಿನಲ್ಲಲ್ಲ. ಹೊರಗಿನಿಂದ ಇಳಿಸಿಕೊಂಡ ಆ ಫೈಲಿಗೆ ಎಸ್ಸೆಮ್ಮೆಸ್ ಓದುವ ಅನುಮತಿ ಯಾಕೆ ಬೇಕಿತ್ತು, ಯೋಚಿಸಿ.

ಪ್ರಶ್ನೆ: ಮಿತಿ ಇಟ್ಟುಕೊಂಡು ಆಡಬೇಕು ಎನ್ನುತ್ತಾರೆ. ಎಷ್ಟು ಮಿತಿ, ಹೇಗೆ?

ಉತ್ತರ: ಪೂರ್ತಿ ಹೋದರೂ ಆ ತಿಂಗಳ ಬಾಡಿಗೆ, ಕಂತು, ಫೀಸು ಯಾವುದೂ ಅಲುಗದಷ್ಟು. ಅದನ್ನು ತಿಂಗಳಲ್ಲಿ ಎಷ್ಟು ಸಲ ಕೂರುತ್ತೀರೋ ಅಷ್ಟು ಭಾಗ ಮಾಡಿ, ಒಂದು ಬಾಜಿ ಆ ಭಾಗದ ನೂರರಲ್ಲಿ ಒಂದು ಮೀರದಿರಲಿ. ಕಡಿಮೆ ಬಾಜಿಯಿಂದ ಗೆಲುವು ಖಚಿತವಾಗುವುದಿಲ್ಲ, ಹಣ ಹೋಗುವ ವೇಗ ತಗ್ಗುತ್ತದೆ. ಸಾಲದ ಹಣ, ಕ್ರೆಡಿಟ್ ಕಾರ್ಡ್ ಬೇಡವೇ ಬೇಡ. ಬ್ರಿಟನ್ನಿನಲ್ಲಿ 2020ರಿಂದ ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನೇ ನಿಷೇಧಿಸಿದ್ದಾರೆ.

ಮನಸ್ಸಿನಲ್ಲಿಟ್ಟ ಮಿತಿ ಮಿತಿಯಲ್ಲ. ಖಾತೆ ತೆರೆದ ದಿನವೇ, ತಲೆ ತಣ್ಣಗಿರುವಾಗ, ಸೆಟ್ಟಿಂಗ್ಸ್‌ನಲ್ಲಿ ಡಿಪಾಸಿಟ್ ಮಿತಿ ಹಾಕಿ. ಒಳ್ಳೆಯ ನಿಯಂತ್ರಣ ಇರುವ ಕಡೆ ಮಿತಿ ಇಳಿಸಿದರೆ ತಕ್ಷಣ ಜಾರಿ, ಏರಿಸಿದರೆ 24 ಗಂಟೆಯಾದರೂ ಕಾಯಬೇಕು. ನಿಮ್ಮ ತಾಣ ಏರಿಕೆಯನ್ನೂ ತಕ್ಷಣ ಒಪ್ಪಿದರೆ ಆ ತಾಣದ ಬಗ್ಗೆ ನಿಮಗೆ ಬೇಕಾದ ಮಾಹಿತಿ ಸಿಕ್ಕಂತಾಯಿತು.

ಸೋತದ್ದನ್ನು ಮರುದಿನವೇ ವಾಪಸ್ ತರಲು ಕೂರುವುದು, ಮನೆಯವರಿಗೆ ಮೊತ್ತ ಮುಚ್ಚಿಡುವುದು, ಮೊದಲಿನ ಬಾಜಿ ಸಪ್ಪೆ ಅನಿಸುವುದು: ಇವು ಕಂಡರೆ ಸ್ವಭಾವದ ದೌರ್ಬಲ್ಯ ಎಂದು ಬೈದುಕೊಳ್ಳುತ್ತ ಕೂರಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಚಟವನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ, ಚಿಕಿತ್ಸೆ ಇದೆ. ಪಿಜಿಎಸ್‌ಐ ಎಂಬ ಒಂಬತ್ತು ಪ್ರಶ್ನೆಗಳ ಪರೀಕ್ಷೆ ಇದೆ, ಒಂದೊಂದಕ್ಕೆ 0ರಿಂದ 3 ಅಂಕ. ಒಟ್ಟು 8 ಅಥವಾ ಹೆಚ್ಚು ಬಂದರೆ ವೈದ್ಯರ ಬಳಿ ಹೋಗುವ ಹೊತ್ತಾಯಿತು.

ಪ್ರಶ್ನೆ: ಖಾತೆ ಮುಚ್ಚಬೇಕೆಂದಿದ್ದೇನೆ. ಒಂದಿಷ್ಟು ಹಣ ಇನ್ನೂ ಒಳಗಿದೆ.

ಉತ್ತರ: ಮೊದಲು ಹಣ ತೆಗೆಯಿರಿ, ಆದರೆ ಅದಕ್ಕಾಗಿ ಮುಚ್ಚುವುದನ್ನು ಮುಂದೂಡಬೇಡಿ, ಲೈಸೆನ್ಸ್ ಇರುವ ಕಂಪನಿ ಮುಚ್ಚಿದ ಮೇಲೂ ನಿಮ್ಮ ಬಾಕಿ ಕೊಡಬೇಕು. ‘ಕ್ಲೋಸ್ ಅಕೌಂಟ್’ ಒತ್ತಿದರೆ ಸಾಮಾನ್ಯವಾಗಿ ಒಂದು ಮೇಲ್ ಬರೆದು ಮತ್ತೆ ತೆರೆಸಬಹುದು, ಹಾಗಾಗಿ ಅದು ಗಟ್ಟಿ ಬೀಗವಲ್ಲ. ‘ಟೈಮ್ ಔಟ್’ ಕೆಲವು ದಿನ ಅಥವಾ ವಾರದ್ದು. ‘ಸೆಲ್ಫ್ ಎಕ್ಸ್‌ಕ್ಲೂಷನ್’ ಒತ್ತಿದರೆ ಅವಧಿ ಮುಗಿಯುವ ತನಕ ಬೇಡಿಕೊಂಡರೂ ತೆರೆಯುವುದಿಲ್ಲ. ಒಂದು ತಾಣದಲ್ಲಿ ಮಾತ್ರ ಮಾಡಿದರೆ ಪಕ್ಕದ ತಾಣ ತೆರೆದೇ ಇರುತ್ತದೆ. ಅದಕ್ಕೇ ಕೆಲವು ದೇಶಗಳಲ್ಲಿ ಎಲ್ಲ ಲೈಸೆನ್ಸ್‌ದಾರರಿಗೂ ಒಟ್ಟಿಗೆ ಅನ್ವಯಿಸುವ ಪಟ್ಟಿ ಇದೆ: ಬ್ರಿಟನ್ನಿನಲ್ಲಿ ಗ್ಯಾಮ್‌ಸ್ಟಾಪ್, ಸ್ವೀಡನ್ನಿನಲ್ಲಿ ಸ್ಪೆಲ್‌ಪೌಸ್, ಆಸ್ಟ್ರೇಲಿಯದಲ್ಲಿ 2023ರಿಂದ ಬೆಟ್‌ಸ್ಟಾಪ್. ನಿಮ್ಮ ಬ್ಯಾಂಕಿನ ಆಪ್‌ನಲ್ಲಿ ಜೂಜಿನ ವ್ಯವಹಾರ ತಡೆಯುವ ಸ್ವಿಚ್ ಇದ್ದರೆ ಅದನ್ನೂ ಒತ್ತಿ, ತಾಣದಲ್ಲಿ ಉಳಿಸಿಟ್ಟ ಕಾರ್ಡ್ ವಿವರ ಅಳಿಸಿ. ಆಪ್ ಅಳಿಸುವುದು ಕೊನೆಯ ಕೆಲಸ. ಮೊದಲೇ ಅಳಿಸಿದರೆ ಪ್ರಮೋಷನ್ ಮೇಲ್ ನಿಲ್ಲಿಸುವ ಆಯ್ಕೆ ಹುಡುಕಲು ಮತ್ತೆ ಲಾಗಿನ್ ಆಗಬೇಕಾಗುತ್ತದೆ.